ಮೂರು ತೂತಿನ ಮಾತು: ಹದಿನೈದು ಆಂಪ್ಸ್ ಪ್ಲಗ್ಗಿನೊಂದಿಗೆ ಒಂದು ಕಾಲ್ಪನಿಕ ಸಂದರ್ಶನ

ಎಲೆಕ್ಟ್ರಿಕ್ ಕಾರಿನ ಬಗ್ಗೆ ಮಾತಾಡದೆ ಉಳಿದವರು ಈಗ ಯಾರೂ ಇಲ್ಲ. ಮಂತ್ರಿಗಳು ಮಾತಾಡಿದ್ದಾರೆ, ಶೋರೂಮಿನವರು ಮಾತಾಡಿದ್ದಾರೆ, ಯೂಟ್ಯೂಬಿನ ಹುಡುಗರು ಬಾನೆಟ್ ತಟ್ಟಿ ತಟ್ಟಿ ಮಾತಾಡಿದ್ದಾರೆ. ಕೊಂಡವರು ಕೊಂಡದ್ದೇ ಸರಿ ಎಂದೂ ಕೊಳ್ಳದವರು ಕೊಳ್ಳದ್ದೇ ಸರಿ ಎಂದೂ ಮದುವೆ ಮನೆಗಳಲ್ಲಿ ಮೂರನೇ ಪಂಕ್ತಿ ಏಳುವವರೆಗೆ ವಾದಿಸಿದ್ದಾರೆ. ಆ ಕಾರಿಗೆ ರಾತ್ರಿ ಹೊತ್ತು ಉಣಿಸುವವರನ್ನು ಮಾತ್ರ ಯಾರೂ ಮಾತಾಡಿಸಿಲ್ಲ.

ಈ ಕೊರತೆ ನೀಗಲೆಂದು ನಮ್ಮ ಪ್ರತಿನಿಧಿ ಬೆಂಗಳೂರಿನ ಹೊರವರ್ತುಲ ರಸ್ತೆಗೆ ಅಂಟಿಕೊಂಡ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿಗೆ ಇಳಿದರು. ಗೇಟಿನ ರಿಜಿಸ್ಟರಿನಲ್ಲಿ ‘ಯಾರನ್ನು ಕಾಣಬೇಕು’ ಎಂಬಲ್ಲಿ ‘ಪ್ಲಗ್’ ಎಂದು ಬರೆದಾಗ ಸೆಕ್ಯೂರಿಟಿಯವರು ‘ಯಾವ ಫ್ಲ್ಯಾಟು?’ ಎಂದಷ್ಟೇ ಕೇಳಿದರು. ಕೆಳಗೆ ಕಂಬದ ಮೇಲೆ ಸಂದರ್ಶನಾರ್ಥಿ ಸಿದ್ಧರಿದ್ದರು. ಒಂದು ಕಾಲದಲ್ಲಿ ಬಿಳಿಯಾಗಿದ್ದು ಈಗ ಕಂದು ಬಣ್ಣಕ್ಕೆ ತಿರುಗಿದ ಮುಖ; ನೆತ್ತಿಯ ಮೇಲೆ ‘ಅನುಮತಿ ಇಲ್ಲದೆ ಬಳಸಬಾರದು – ಆಡಳಿತ ಮಂಡಳಿ’ ಎಂಬ ಚೀಟಿ.

ಪ್ರಶ್ನೆ: ನಮಸ್ಕಾರ. ತಮ್ಮ ಪರಿಚಯ ಹೇಳಿಕೊಳ್ಳಬೇಕು.

ಪ್ಲಗ್: ಪರಿಚಯ ಏನು ಬಂತು ಸ್ವಾಮಿ. ಮೂರು ತೂತು. ಫೇಸು, ನ್ಯೂಟ್ರಲ್ಲು, ಅರ್ಥಿಂಗು. ಬಿಲ್ಡರು ನನ್ನ ಇಲ್ಲಿ ಹಾಕಿಸಿದ್ದು ನೆಲ ತೊಳೆಯೋ ಮೆಷಿನ್ನಿಗೆ. ಮೆಷಿನ್ನು ಬರಲೇ ಇಲ್ಲ. ಆಮೇಲೆ ವಾಚ್‌ಮನ್ ಇಂಡಕ್ಷನ್ ಒಲೆ ತಂದಿಟ್ಟು ಅನ್ನ ಮಾಡ್ಕೋತಿದ್ದ. ನಿಯತ್ತಿನ ಮನುಷ್ಯ, ಅನ್ನ ಆದ ತಕ್ಷಣ ಸ್ವಿಚ್ ಆರಿಸೋನು. ಈಗ 302ರ ಸಾಹೇಬರ ಎಲೆಕ್ಟ್ರಿಕ್ ಕಾರು. ಒಲೆ ಅರ್ಧ ಗಂಟೆ ಉರೀತಿತ್ತು, ಇದು ಬೆಳಗಿನ ತನಕ. ಕೆಲಸ ಹತ್ತು ಪಟ್ಟಾಯ್ತು, ಮೈಮೇಲಿನ ವೈರು ಮಾತ್ರ ಅವತ್ತಿಂದೇ.

ಪ್ರಶ್ನೆ: ದಿನದ ಓಡಾಟಕ್ಕೆ ಯಾವ ಎಲೆಕ್ಟ್ರಿಕ್ ಕಾರು ಒಳ್ಳೇದು ಅಂತ ಕೇಳಿದರೆ, ನಿಮ್ಮ ಉತ್ತರ?

ಪ್ಲಗ್: ಉತ್ತರ ಆಮೇಲೆ. ಆ ಪ್ರಶ್ನೆಯನ್ನ ನನ್ನ ಹತ್ರ ಯಾರೂ ಇದುವರೆಗೆ ಕೇಳಿಲ್ಲ, ಅದನ್ನ ಮೊದಲು ಬರ್ಕೊಳ್ಳಿ. 302ರವರು ಆರು ತಿಂಗಳು ಸಂಶೋಧನೆ ಮಾಡಿದ್ರು. ಎಕ್ಸೆಲ್ ಶೀಟು. ಸನ್‌ರೂಫ್ ಎಷ್ಟಗಲ, ಪರದೆ ಎಷ್ಟಿಂಚು, ಸೀಟು ತಣ್ಣಗಾಗುತ್ತೋ ಇಲ್ವೋ, ಬಾಗಿಲಿನ ಅಂಚಿನಲ್ಲಿ ದೀಪದ ಬಣ್ಣ ಎಷ್ಟು. ಒಂದೊಂದಕ್ಕೂ ಒಂದೊಂದು ಕಾಲಂ. ಹಾರ ಹಾಕಿದ ಕಾರು ತಂದು ಇಲ್ಲಿ ನಿಲ್ಲಿಸಿ, ಇಳಿದು, ವಾಚ್‌ಮನ್‌ನ ಕೇಳಿದ ಮೊದಲ ಮಾತು ಏನು ಗೊತ್ತಾ? ‘ಏನಪ್ಪಾ, ಇಲ್ಲೆಲ್ಲಾದ್ರೂ ಪ್ಲಗ್ ಪಾಯಿಂಟ್ ಇದೆಯಾ?’

ಪ್ರಶ್ನೆ: ಶೋರೂಮಿನಲ್ಲಿ ಕೇಳಲಿಲ್ಲವೇ?

ಪ್ಲಗ್: ಶೋರೂಮಿನ ಹುಡುಗ ಹೇಳಿದ್ನಂತೆ, ‘ಚಾರ್ಜರ್ ಫ್ರೀ ಸಾರ್’ ಅಂತ. ಚಾರ್ಜರ್ ಫ್ರೀನೇ. ಅದನ್ನ ಚುಚ್ಚೋ ಗೋಡೆ ಯಾರದು ಅಂತ ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಪ್ರಶ್ನೆ: ಸರಿ, ರೇಂಜ್ ವಿಷಯಕ್ಕೆ ಬರೋಣ. ಒಂದು ಚಾರ್ಜಿಗೆ ಎಷ್ಟು ಕಿ.ಮೀ. ಓಡುತ್ತೆ ಅನ್ನೋದೇ ತಾನೇ ಮುಖ್ಯ?

ಪ್ಲಗ್: ಯಾರಿಗೆ ಮುಖ್ಯ? 302ರವರ ಆಫೀಸು ಎಲೆಕ್ಟ್ರಾನಿಕ್ ಸಿಟಿ. ಹೋಗಿ ಬಂದು ಮೂವತ್ತೈದು ಕಿ.ಮೀ. ಅದೂ ವಾರಕ್ಕೆ ಮೂರು ದಿನ. ಉಳಿದ ದಿನ ಅಂಗಿ ಮೇಲೆ, ಪಂಚೆ ಕೆಳಗೆ, ಮನೆಯಿಂದಲೇ ಕೆಲಸ. ಸಿಟಿಯೊಳಗೆ ಎ.ಸಿ. ಹಾಕ್ಕೊಂಡು ಓಡಿಸಿದ್ರೂ ಸಾಧಾರಣ ಕಾರು ಒಂದು ಯೂನಿಟ್ಟಿಗೆ ಏಳು ಕಿ.ಮೀ. ಕೊಡುತ್ತೆ ಅಂತಿಟ್ಕೊಳ್ಳಿ. ಕಾರಿನವರು ಕಿಲೋವಾಟ್ ಅವರ್ ಅಂತಾರಲ್ಲ, ಅದು ನಿಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ, ಗಾಬರಿ ಬೇಡ. ಮೂವತ್ತೈದು ಕಿ.ಮೀ. ಅಂದ್ರೆ ಐದು ಯೂನಿಟ್. ನಾನು ಗಂಟೆಗೆ ಮೂರರ ಹತ್ತಿರ ಕೊಡಬಲ್ಲೆ, ಚಾರ್ಜರನ್ನ ಹತ್ತು ಆಂಪ್ಸಿಗೆ ಇಳಿಸಿದ್ರೆ ಎರಡು ಚಿಲ್ಲರೆ. ಅಂದ್ರೆ ಎರಡೂವರೆ ಗಂಟೆ ಧಾರಾಳ. ಒಂದು ಸಿನಿಮಾ ಮುಗಿಯೋದ್ರೊಳಗೆ ಅವರ ದಿನದ ಓಡಾಟ ನಾನು ತುಂಬಿಕೊಟ್ಟಿರ್ತೀನಿ. ಆದ್ರೆ ಕೊಂಡಿದ್ದು ಐನೂರು ಕಿ.ಮೀ. ಓಡೋ ಕಾರು.

ಪ್ರಶ್ನೆ: ಯಾಕೆ?

ಪ್ಲಗ್: ಅತ್ತೆ ಮನೆ ಶಿವಮೊಗ್ಗ. ಯುಗಾದಿಗೊಂದ್ಸಲ, ದೀಪಾವಳಿಗೊಂದ್ಸಲ. ಮುನ್ನೂರು ಕಿ.ಮೀ. ದಾರಿ. ವರ್ಷಕ್ಕೆರಡು ಸಲ ನೆಂಟರು ಬರ್ತಾರೆ ಅಂತ ದಿನಾ ಬೆಳಿಗ್ಗೆ ಸಮಾರಾಧನೆ ಹಂಡೆಯಲ್ಲಿ ಇಬ್ಬರಿಗೆ ಅನ್ನಕ್ಕಿಡೋರನ್ನ ಎಲ್ಲಾದ್ರೂ ನೋಡಿದ್ದೀರಾ? ಆ ದೊಡ್ಡ ಬ್ಯಾಟರಿಗೆ ಲಕ್ಷಗಟ್ಟಲೆ ಹೆಚ್ಚು ದುಡ್ಡು, ನೂರಾರು ಕಿಲೋ ಹೆಚ್ಚು ತೂಕ. ಆ ತೂಕವನ್ನ ವರ್ಷವಿಡೀ ಸಿಲ್ಕ್‌ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಎಳ್ಕೊಂಡು ಓಡಾಡ್ತಾರೆ. ಶಿವಮೊಗ್ಗಕ್ಕೆ ಜನಶತಾಬ್ದಿ ರೈಲಿದೆ ಸ್ವಾಮಿ. ಹೋದ ದೀಪಾವಳಿಗೆ 302ರವರು ಹೋಗಿದ್ದೂ ಅದರಲ್ಲೇ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿದ್ದೂ?

ಪ್ಲಗ್: ದಾರೀಲಿ ಚಾರ್ಜರ್ ಖಾಲಿ ಇರುತ್ತೋ ಇಲ್ವೋ ಅಂತ ಭಯ. ಹಬ್ಬದ ಹಿಂದಿನ ದಿನ ಎಲ್ಲರ ಅತ್ತೆ ಮನೆಯೂ ಅದೇ ದಾರೀಲಿರುತ್ತೆ. ಆ ಭಯ ಸುಳ್ಳಲ್ಲ, ನಾನೂ ಒಪ್ತೀನಿ. ಹೈವೇನಲ್ಲಿ ನೂರರ ವೇಗಕ್ಕೆ ಹೋದ್ರೆ ಬ್ಯಾಟರಿ ಬೇಗ ಇಳಿಯುತ್ತೆ, ಫಾಸ್ಟ್ ಚಾರ್ಜರ್ ಸಿಕ್ಕಿದ್ರೂ ಎಂಬತ್ತು ಪರ್ಸೆಂಟ್ ದಾಟಿದ ಮೇಲೆ ಅದು ನಿಧಾನ ಆಗುತ್ತೆ. ಊರೂರು ತಿರುಗೋ ಕೆಲಸ ಇರೋರು ದೊಡ್ಡ ಬ್ಯಾಟರಿ ತಗೊಳ್ಳಲಿ, ನ್ಯಾಯ. ಆಫೀಸಿಗೆ ಹೋಗಿ ಬರೋರಿಗೆ ಅದು ಯಾತಕ್ಕೆ ಅನ್ನೋದಷ್ಟೇ ನನ್ನ ತಕರಾರು.

ಪ್ರಶ್ನೆ: ಜಾಹೀರಾತಿನಲ್ಲಿ ಹೇಳುವ ರೇಂಜ್ ನಿಜವೇ?

ಪ್ಲಗ್: ಪ್ರಯೋಗಾಲಯದಲ್ಲಿ ನಿಜ. ಪುಣೆಯಲ್ಲಿ ಎಆರ್‌ಎಐ ಅಂತ ಸಂಸ್ಥೆ ಇದೆ. ಅಲ್ಲಿ ಕಾರನ್ನ ರೋಲರ್ ಮೇಲೆ ನಿಲ್ಲಿಸಿ ಗೊತ್ತುಮಾಡಿದ ವೇಗದಲ್ಲಿ ಓಡಿಸ್ತಾರೆ. ರೋಲರ್ ಮೇಲೆ ಗುಂಡಿ ಇಲ್ಲ, ಅಡ್ಡ ಬರೋ ಆಟೋ ಇಲ್ಲ, ಹಿಂದಿನ ಸೀಟಿನಲ್ಲಿ ‘ಎ.ಸಿ. ಜಾಸ್ತಿ ಮಾಡಿ’ ಅನ್ನೋರಿಲ್ಲ. ಅಲ್ಲಿ ಬಂದ ಅಂಕಿ ಪೋಸ್ಟರಿಗೆ ಹೋಗುತ್ತೆ. ಮನೆಗೆ ಬಂದ ಮೇಲೆ ಅದರಲ್ಲಿ ಮೂರನೇ ಎರಡು ಭಾಗ, ಕಾಲು ಹಗುರ ಇದ್ರೆ ಮುಕ್ಕಾಲು ಭಾಗ ಕೈಗೆ ಸಿಗುತ್ತೆ ಅಂತ ಲೆಕ್ಕ ಹಾಕ್ಕೊಳ್ಳಿ. 2020ರಲ್ಲಿ ನೆಕ್ಸಾನ್ ಇವಿ ಬಂದಾಗ ಪೋಸ್ಟರಿನಲ್ಲಿ 312 ಕಿ.ಮೀ. ಇತ್ತು, ನಂಬಿ ಹೈವೇಗೆ ಇಳಿದೋರು ಡ್ಯಾಶ್‌ಬೋರ್ಡ್ ನೋಡ್ಕೊಂಡು ಎ.ಸಿ. ಆರಿಸಿ, ಕಿಟಕಿ ಇಳಿಸಿ, ಬೆವರು ಒರೆಸ್ಕೊಂಡು ಊರು ಸೇರಿದ್ರು.

ಆದ್ರೆ ಒಂದು ಮಾತು ಕಾರಿನ ಪರವಾಗಿ ಹೇಳ್ಬೇಕು. ಪೆಟ್ರೋಲ್ ಕಾರು ಹೈವೇನಲ್ಲಿ ಮೈಲೇಜ್ ಕೊಡುತ್ತೆ, ಊರೊಳಗೆ ನಿಂತು ನಿಂತು ಕುಡಿಯುತ್ತೆ. ಇದು ತಿರುಗಮುರುಗ. ಬ್ರೇಕ್ ಹಾಕಿದಾಗೆಲ್ಲ ಮೋಟರೇ ಡೈನಮೋ ಆಗಿ ಒಂದಿಷ್ಟು ಕರೆಂಟನ್ನ ಬ್ಯಾಟರಿಗೆ ವಾಪಸ್ ಕಳಿಸುತ್ತೆ. ನಿಂತಾಗ ಎಂಜಿನ್ ಉರಿಯಲ್ಲ, ಎ.ಸಿ.ಗೆ ಬೇಕಾದಷ್ಟು ಹೋಗುತ್ತೆ, ಅಷ್ಟೇ. ಬೆಂಗಳೂರಿನ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ್ದು. ಈ ಊರಲ್ಲಿ ಟ್ರಾಫಿಕ್ಕಿಂದ ಏನಾದ್ರೂ ಲಾಭ ಆಗೋ ಪ್ರಾಣಿ ಇದ್ರೆ ಇದೊಂದೇ.

ಪ್ರಶ್ನೆ: ವೇಗ? ಸೊನ್ನೆಯಿಂದ ನೂರಕ್ಕೆ ಏಳೆಂಟು ಸೆಕೆಂಡಿನಲ್ಲಿ ಏರುತ್ತಂತೆ.

ಪ್ಲಗ್: (ನಗುತ್ತಾ, ಒಂದು ಕಿಡಿ ಹಾರಿತು) 2022ರಲ್ಲಿ ಟಾಮ್‌ಟಾಮ್‌ನವರು ಊರೂರಿನ ಟ್ರಾಫಿಕ್ ಅಳೆದಾಗ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿ.ಮೀ. ದಾಟೋಕೆ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಲಂಡನ್ ಬಿಟ್ರೆ ನಾವೇ. ಗಂಟೆಗೆ ಇಪ್ಪತ್ತು ಕಿ.ಮೀ. ಅಂತಾಯ್ತಲ್ಲ. ಸೊನ್ನೆಯಿಂದ ಇಪ್ಪತ್ತಕ್ಕೆ ಎಷ್ಟು ಸೆಕೆಂಡ್ ಅಂತ ಯಾವ ಕಂಪನಿನೂ ಜಾಹೀರಾತು ಕೊಡಲ್ಲ, ಯಾಕೆ ಅಂತ ಕೇಳಿ.

ಪ್ರಶ್ನೆ: ಹಾಗಾದರೆ ನಿಮ್ಮ ಶಿಫಾರಸು ಸಣ್ಣ ಕಾರು?

ಪ್ಲಗ್: ಸಣ್ಣ ಬ್ಯಾಟರಿ. ನನಗೂ ಸ್ವಾರ್ಥ ಇದೆ, ಮುಚ್ಚಿಡಲ್ಲ. ಅರವತ್ತು ಯೂನಿಟ್ಟಿನ ಬ್ಯಾಟರಿ ಖಾಲಿ ತಂದು ನನಗೆ ಚುಚ್ಚಿ ಬೆಳಿಗ್ಗೆಗೆ ಫುಲ್ ಮಾಡು ಅಂದ್ರೆ ನನ್ನ ಕೈಲಾಗಲ್ಲ. ಮಾರನೇ ದಿನ ಸಂಜೆ ದಾಟುತ್ತೆ. ಅದೇ ಎಂ.ಜಿ. ಕಾಮೆಟ್ ನೋಡಿ, ಹದಿನೇಳು ಯೂನಿಟ್ ಚಿಲ್ಲರೆ. ಟಿಯಾಗೊ ಇವಿ ಬಂದಾಗ ಹತ್ತೊಂಬತ್ತರದ್ದು, ಇಪ್ಪತ್ನಾಲ್ಕರದ್ದು ಎರಡಿತ್ತು. ಪಂಚ್ ಇವಿ 2024ರಲ್ಲಿ ಇಪ್ಪತ್ತೈದು, ಮೂವತ್ತೈದು ಅಂತ ಬಂತು. ಇವೆಲ್ಲ ರಾತ್ರಿ ನನ್ನ ಪಕ್ಕದಲ್ಲಿ ಮಲಗಿ ಬೆಳಿಗ್ಗೆ ಹೊಟ್ಟೆ ತುಂಬ್ಕೊಂಡು ಏಳೋ ಮಕ್ಕಳು. ಕಾಮೆಟ್‌ಗಂತೂ 2023ರಲ್ಲಿ ಬಂದಾಗ ಡಿ.ಸಿ. ಫಾಸ್ಟ್ ಚಾರ್ಜಿಂಗೇ ಇರಲಿಲ್ಲ. ಪೂರ್ತಿ ನಮ್ಮಂಥೋರನ್ನ ನಂಬಿ ಹುಟ್ಟಿದ್ದು. ನಾಲ್ಕು ಸೀಟು, ಎರಡೇ ಬಾಗಿಲು, ಡಿಕ್ಕಿ ಅನ್ನೋದು ಹೆಸರಿಗೆ. ಸಂಸಾರಕ್ಕೆ ಅದೊಂದೇ ಕಾರು ಅಂದ್ರೆ ಕಷ್ಟ. ಮನೇಲಿ ಇನ್ನೊಂದು ಹಳೇ ಪೆಟ್ರೋಲ್ ಕಾರಿದ್ರೆ ಆಫೀಸಿಗೆ ಇದಕ್ಕಿಂತ ಏನು ಬೇಕು? ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆ 2023ರಿಂದ ಶುರುವಾಗಿದೆ. ಪಂಚ್ ಇವಿ, ನೆಕ್ಸಾನ್ ಇವಿ ಅದರಲ್ಲಿ ಐದು ಸ್ಟಾರ್ ತಗೊಂಡಿವೆ. ಸನ್‌ರೂಫ್ ಕಾಲಂ ಅಳಿಸಿ ಅಲ್ಲಿ ಇದನ್ನ ಬರ್ಕೊಳ್ಳಿ.

ಪ್ರಶ್ನೆ: ನಿಮ್ಮ ವಂಶದವರು ಮೊದಲು ಕಂಡ ಎಲೆಕ್ಟ್ರಿಕ್ ಕಾರು ಯಾವುದು?

ಪ್ಲಗ್: ರೇವಾ! ನಮ್ಮ ತಾತನ ಕಾಲದ್ದು. 2001ರಲ್ಲಿ ಇದೇ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ಕಂಪನಿ ತಂದಿದ್ದು. ಎರಡು ಬಾಗಿಲು, ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಎಂಬತ್ತು ಕಿ.ಮೀ. ಅಂತ ಹೇಳ್ತಿದ್ರು. ಮನೆಯ ಮಾಮೂಲಿ ಹದಿನೈದು ಆಂಪ್ಸ್ ಪ್ಲಗ್ಗೇ ಅದರ ಪೆಟ್ರೋಲ್ ಬಂಕು. ಜನ ನಕ್ಕರು. ಲಂಡನ್ನಿನವರು ‘ಜಿ-ವಿಜ್’ ಅಂತ ಹೆಸರಿಟ್ಟು ಓಡಿಸಿದ್ರು, ಅಲ್ಲೂ ಗೇಲಿ ಮಾಡಿದ್ರು. ಗೇಲಿ ಮಾಡೋಕೆ ಕಾರಣ ಇತ್ತು ಬಿಡಿ. ಬ್ಯಾಟರಿ ಕೆಲವೇ ವರ್ಷಕ್ಕೆ ಬದಲಾಯಿಸ್ಬೇಕಿತ್ತು, ಬ್ರಿಟನ್ನಿನ ಕಾನೂನಿನಲ್ಲಿ ಅದು ಕಾರೂ ಅಲ್ಲ, ಕ್ವಾಡ್ರಿಸೈಕಲ್. 2010ರಲ್ಲಿ ಮಹೀಂದ್ರದವರು ಕಂಪನಿ ಕೊಂಡ್ಕೊಂಡ್ರು. ನನ್ನನ್ನ ಕೊರೆಯೋದು ಒಂದೇ ವಿಷಯ. ಎಂಬತ್ತು ಕಿ.ಮೀ. ಸಾಲದು ಅಂತ ಅವತ್ತು ನಕ್ಕ ಊರಿನಲ್ಲಿ ಇವತ್ತಿಗೂ ಆಫೀಸಿಗೆ ಹೋಗಿ ಬರೋದು ಎಂಬತ್ತು ಕಿ.ಮೀ.ಗಿಂತ ಕಡಿಮೆ ಇರೋರೇ ಹೆಚ್ಚು. ಊರು ಬೆಳೀತು, ಬ್ಯಾಟರಿ ಬೆಳೀತು, ಆಫೀಸಿನ ದೂರ ಅಷ್ಟೇ ಇದೆ. ಬೆಳೆದಿದ್ದು ಸಮಯ.

ಪ್ರಶ್ನೆ: ದುಡ್ಡಿನ ಲೆಕ್ಕ ಹೇಳಿ. ಪೆಟ್ರೋಲ್ ಉಳಿತಾಯ ಆಗುತ್ತಲ್ಲ?

ಪ್ಲಗ್: ಓಡಿಸಿದೋರಿಗೆ ಆಗುತ್ತೆ. ಪೆಟ್ರೋಲು ಲೀಟರಿಗೆ ನೂರು ಅಂತಿಟ್ಕೊಳ್ಳಿ, ಊರೊಳಗೆ ಹನ್ನೆರಡು ಕಿ.ಮೀ. ಕೊಟ್ರೆ ಕಿಲೋಮೀಟರಿಗೆ ಎಂಟು ರೂಪಾಯಿ. ನನ್ನ ಹತ್ರ ಯೂನಿಟ್ಟಿಗೆ ಏಳು ಅಂದ್ರೂ ಕಿಲೋಮೀಟರಿಗೆ ಒಂದು. ಉಳಿದಿದ್ದು ಏಳು. ದಿನಾ ಐವತ್ತು ಕಿ.ಮೀ. ತಿಂಗಳಲ್ಲಿ ಇಪ್ಪತ್ತೈದು ದಿನ ಓಡಿಸೋರಿಗೆ ತಿಂಗಳಿಗೆ ಎಂಟು ಸಾವಿರದ ಮೇಲೆ ಉಳಿಯುತ್ತೆ. ಪೆಟ್ರೋಲ್ ಕಾರಿಗಿಂತ ಮೂರು ಲಕ್ಷ ಹೆಚ್ಚು ಕೊಟ್ಟಿದ್ರೂ ಮೂರು ವರ್ಷದೊಳಗೆ ತೀರುತ್ತೆ. 302ರವರು ವಾರಕ್ಕೆ ಮೂರು ದಿನ ಹೋಗ್ತಾರಲ್ಲ, ಅವರಿಗೆ ತಿಂಗಳಿಗೆ ಮೂರು ಸಾವಿರ. ಅದೇ ಮೂರು ಲಕ್ಷ ತೀರೋಕೆ ಎಂಟು ವರ್ಷ. ಬ್ಯಾಟರಿ ವಾರಂಟಿನೂ ಸಾಮಾನ್ಯವಾಗಿ ಎಂಟೇ ವರ್ಷ. ಒಟ್ಟಿಗೆ ಮುಗಿಯುತ್ತೆ, ಮುಹೂರ್ತ ಚೆನ್ನಾಗಿದೆ.

ಇನ್ನು ರಸ್ತೆಬದಿಯ ಫಾಸ್ಟ್ ಚಾರ್ಜರಿಗೇ ದಿನಾ ಹೋಗೋರು. ಅಲ್ಲಿ ಯೂನಿಟ್ಟಿಗೆ ಇಪ್ಪತ್ತರ ಆಸುಪಾಸು, ಮೇಲೆ ಜಿ.ಎಸ್.ಟಿ. ಕಿಲೋಮೀಟರಿಗೆ ಮೂರೂ ಚಿಲ್ಲರೆ ಆಯ್ತು. ಜೊತೆಗೆ ಅಲ್ಲಿ ನಿಂತು ಕುಡಿದ ಕಾಫಿ, ತಿಂದ ಪಫ್ಸ್ ಲೆಕ್ಕ ಬೇರೆ.

ಪ್ರಶ್ನೆ: ಗೃಹಜ್ಯೋತಿಯಲ್ಲಿ ಉಚಿತ ಕರೆಂಟ್ ಇದೆಯಲ್ಲ. ಕಾರಿಗೂ ಅದನ್ನೇ ಬಳಸಿದರೆ?

ಪ್ಲಗ್: 201ರ ರಾಯರೂ ಹಾಗೇ ಅಂದ್ಕೊಂಡ್ರು. ಅವರ ಮನೆ ಮೀಟರಿಂದಲೇ ಲೈನ್ ಎಳೆಸಿದ್ರು. ಅಲ್ಲಿ ತನಕ ತಿಂಗಳಿಗೆ ನೂರಾ ಮೂವತ್ತು ಯೂನಿಟ್, ಬಿಲ್ಲು ಸೊನ್ನೆ. ಕಾರು ನೂರು ಯೂನಿಟ್ ಕುಡೀತು. 2023ರ ಆ ಯೋಜನೆಯಲ್ಲಿ ನಿಮಗೆ ಗೊತ್ತುಮಾಡಿದ ಸರಾಸರಿ ದಾಟಿದ್ರೆ ದಾಟಿದಷ್ಟಕ್ಕೆ ದುಡ್ಡು, ಇನ್ನೂರು ದಾಟಿದ್ರೆ ಪೂರ್ತಿ ಬಿಲ್ಲು. ರಾಯರು ಕಾರಿನ ಕರೆಂಟಿಗೆ ಏಳ್ನೂರು ಕಟ್ಟೋಣ ಅಂದ್ಕೊಂಡಿದ್ರು. ಫ್ರಿಜ್ಜು, ಮಿಕ್ಸಿ, ಟಿ.ವಿ. ಎಲ್ಲಾದ್ರ ಬಿಲ್ಲೂ ಬಂತು. ಅವತ್ತಿಂದ ಸರ್ಕಾರವನ್ನ ಬೈತಿದ್ದಾರೆ. ಮೊದಲು ಹೊಗಳ್ತಿದ್ರು.

ಪ್ರಶ್ನೆ: ತೆರಿಗೆ ವಿನಾಯಿತಿ?

ಪ್ಲಗ್: ಕೇಂದ್ರದ ಜಿ.ಎಸ್.ಟಿ. 2019ರಲ್ಲಿ ಹನ್ನೆರಡರಿಂದ ಐದಕ್ಕೆ ಇಳೀತು. ಇಲ್ಲಿ ರಸ್ತೆ ತೆರಿಗೆ ಇರಲಿಲ್ಲ. 2024ರಲ್ಲಿ ಇಪ್ಪತ್ತೈದು ಲಕ್ಷ ದಾಟಿದ ಕಾರಿಗೆ ಶೇ. 10 ಹಾಕಿದ್ರು. ಇವು ಪ್ರತಿ ಬಜೆಟ್ಟಿಗೂ ಅಲ್ಲಾಡೋ ಅಂಕಿ. ಬುಕಿಂಗ್ ದಿನ ಆರ್‌ಟಿಓ ಕಚೇರಿಯಲ್ಲಿ ಕೇಳ್ಕೊಳ್ಳಿ, ನನ್ನ ಮಾತು ಹಿಡ್ಕೊಂಡು ಜಗಳಕ್ಕೆ ಬರಬೇಡಿ.

ಪ್ರಶ್ನೆ: ನಿಮ್ಮ ನೆತ್ತಿಯ ಮೇಲಿನ ಚೀಟಿ ಏನು ಹೇಳುತ್ತೆ?

ಪ್ಲಗ್: ಅಯ್ಯೋ, ಅದೊಂದು ಪುರಾಣ. 302ರವರು ಮೊದಲ ರಾತ್ರಿ ಚುಚ್ಚಿದ್ರು. ಎರಡನೇ ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೋ. ಕೆಳಗೆ ‘ನಮ್ಮ ಮೇಂಟೆನೆನ್ಸ್ ದುಡ್ಡಲ್ಲಿ ಯಾರೋ ಕಾರು ಓಡಿಸ್ತಿದ್ದಾರೆ’. ಭಾನುವಾರ ತುರ್ತು ಸಭೆ. ಅಧ್ಯಕ್ಷರಿಗೆ ಬೆಂಕಿಯ ಭಯ. ಎಲೆಕ್ಟ್ರಿಕ್ ಕಾರು ಹೊತ್ತಿಕೊಂಡ ವಿಡಿಯೋ ಎಲ್ಲರಿಗೂ ತೋರಿಸಿದ್ರು. ಎಲ್ಲಿ ನಿಂತು ತೋರಿಸಿದ್ರು ಗೊತ್ತಾ? ಓ ಅಲ್ಲಿ, ಜನರೇಟರಿನ ಡೀಸೆಲ್ ಕ್ಯಾನುಗಳ ಪಕ್ಕ. ಈ ಕಡೆ ಗಣೇಶನ ಹಬ್ಬದ ಪೆಂಡಾಲಿನ ಬಟ್ಟೆ, ಯಾರೋ ಬಿಟ್ಟುಹೋದ ಹತ್ತಿ ಹಾಸಿಗೆ. ಆರುವರೆ ದಶಕ ಪೆಟ್ರೋಲ್ ವಾಸನೆಯಲ್ಲೇ ಬದುಕಿದೋರು, ಪಾಪ, ಕರೆಂಟಿಗೆ ಹೆದರಿದ್ರು. ಕೊನೆಗೆ ನಿರ್ಣಯ: ಉಪಸಮಿತಿ ರಚಿಸುವುದು. ಉಪಸಮಿತಿಯ ಮೊದಲ ಸಭೆಗೆ ಕೋರಂ ಇರಲಿಲ್ಲ. ಚೀಟಿ ಮಾತ್ರ ಅಂಟಿಸಿದ್ರು.

ಪ್ರಶ್ನೆ: ಕಾನೂನು ಏನು ಹೇಳುತ್ತೆ?

ಪ್ಲಗ್: ಕಾನೂನು ಕಾರಿನ ಪರವಾಗಿದೆ, ಸಭೆಗೆ ಬಂದಿರಲಿಲ್ಲ ಅಷ್ಟೇ. 2017ರಲ್ಲಿ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ಇದು. 2019ರಲ್ಲಿ ಕೇಂದ್ರದವರು ಮಾದರಿ ಕಟ್ಟಡ ಬೈಲಾ ತಿದ್ದಿ, ಹೊಸ ಕಟ್ಟಡದ ಪಾರ್ಕಿಂಗಿನಲ್ಲಿ ಶೇ. 20ಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಅಂದ್ರು. 2024ರ ಫೆಬ್ರುವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕಿನ ನಿಯಮ ತಿದ್ದುಪಡಿಯಾಗಿ, ಕಾರು ಚಾರ್ಜ್ ಮಾಡೋಕೇ ಅಂತ ಪ್ರತ್ಯೇಕ ಸಂಪರ್ಕ ಕೇಳಬಹುದು ಅಂತಾಯ್ತು. ಅಷ್ಟು ದೂರ ಹೋಗೋದೂ ಬೇಡ. ನನಗೊಂದು ಸಬ್‌ಮೀಟರ್ ಹಾಕಿ. ತಿಂಗಳ ಕೊನೆಗೆ ಎಷ್ಟು ಯೂನಿಟ್ ಅಂತ ನೋಡಿ 302ರವರ ಮೇಂಟೆನೆನ್ಸಿಗೆ ಸೇರಿಸಿ. ಸಭೆಯಲ್ಲಿ ತಿಂದ ಬೋಂಡದ ದುಡ್ಡಿನಲ್ಲಿ ಸಬ್‌ಮೀಟರ್ ಬರ್ತಿತ್ತು.

ಪ್ರಶ್ನೆ: ನಿಮ್ಮ ಮುಖ ಕಂದಿದೆಯಲ್ಲ, ಆರೋಗ್ಯ ಹೇಗಿದೆ?

ಪ್ಲಗ್: ಕೇಳಿದ್ರಲ್ಲ, ಅದೇ ದೊಡ್ಡದು. ಗೀಸರ್ ಹತ್ತು ನಿಮಿಷ ಎಳೀತದೆ, ಕಾರು ಗಂಟೆಗಟ್ಟಲೆ ಒಂದೇ ಸಮ ಎಳೀತದೆ. ಒಳಗಿನ ಹಿತ್ತಾಳೆ ಕಚ್ಚು ಸಡಿಲ ಇದ್ರೆ ಕಾವು ಏರುತ್ತೆ, ಪ್ಲಾಸ್ಟಿಕ್ ಕರಗುತ್ತೆ. ಬೆಂಕಿ ಅಂತ ಅಧ್ಯಕ್ಷರು ಹೆದರಿದ್ರಲ್ಲ, ಹೆದರಬೇಕಾಗಿದ್ದು ಇಲ್ಲಿ, ನನ್ನ ಹತ್ರ. ಮೀಟರಿಂದ ನನ್ನ ತನಕ ಬೇರೆ ಲೈನ್ ಬೇಕು, ನಾಲ್ಕು ಸ್ಕ್ವೇರ್ ಎಂ.ಎಂ. ತಾಮ್ರದ ವೈರ್ ಆದ್ರೆ ಒಳ್ಳೇದು. ಲೋಡ್ ಮೀರಿದ್ರೆ ಕಡಿಯೋ ಎಂ.ಸಿ.ಬಿ. ಬೇಕು, ಕರೆಂಟ್ ಸೋರಿದ್ರೆ ಕಡಿಯೋ ಆರ್.ಸಿ.ಸಿ.ಬಿ. ಬೇಕು. ಸಾಧ್ಯ ಆದ್ರೆ ನನ್ನನ್ನ ತೆಗೆದು ಇಂಡಸ್ಟ್ರಿಯಲ್ ಸಾಕೆಟ್ ಹಾಕಿ. ಕೆಲಸ ಹೋದ್ರೂ ನನಗೆ ಬೇಜಾರಿಲ್ಲ. ಅರ್ಥಿಂಗ್ ಸರಿಯಿಲ್ಲ ಅಂದ್ರೆ ಚಾರ್ಜರಿನಲ್ಲಿ ಕೆಂಪು ದೀಪ ಬರುತ್ತೆ, ಕಾರು ಒಂದು ಹನಿ ಕರೆಂಟೂ ಮುಟ್ಟಲ್ಲ. ಜನ ಆಗ ಶೋರೂಮಿಗೆ ಫೋನ್ ಮಾಡಿ ಕಾರು ಕೆಟ್ಟಿದೆ ಅಂತ ಜಗಳ ಆಡ್ತಾರೆ. ಕಾರು ಸರಿಯಾಗೇ ಇದೆ ಸ್ವಾಮಿ, ನಿಮ್ಮ ಕಟ್ಟಡ ಕೆಟ್ಟಿದೆ.

ಏಳು ಕಿಲೋವಾಟಿನ ಗೋಡೆ ಚಾರ್ಜರ್ ಹಾಕಿಸೋರು ಮೊದಲು ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಓದಿ. ಎಷ್ಟೋ ಮನೆಗಳಲ್ಲಿ ಮೂರು ಅಂತ ಬರೆದಿರುತ್ತೆ. ಅದಕ್ಕೆ ಏಳರದ್ದು ನೇತು ಹಾಕಿದ್ರೆ ಆಗಲ್ಲ. ಲೋಡ್ ಹೆಚ್ಚಿಸೋಕೆ ಅರ್ಜಿ ಹಾಕ್ಬೇಕು.

ಪ್ರಶ್ನೆ: ಬಾಡಿಗೆ ಮನೆಯವರು, ಕಾರನ್ನು ಬೀದಿಯಲ್ಲಿ ನಿಲ್ಲಿಸುವವರು?

ಪ್ಲಗ್: ಕೊಳ್ಳಬೇಡಿ. ಕಠಿಣವಾಗಿ ಹೇಳ್ದೆ ಅಂತ ಬೇಜಾರು ಮಾಡ್ಕೋಬೇಡಿ. ಆಫೀಸಿನಲ್ಲಿ ಚಾರ್ಜ್ ಮಾಡ್ಕೊಳ್ಳೋ ಜಾಗ ಖಾತ್ರಿ ಇದ್ರೆ ಬೇರೆ ಮಾತು. ಇಲ್ಲಾಂದ್ರೆ ಎರಡನೇ ಮಹಡಿ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಟ್ಟು, ಕೆಳಗಿನ ಮನೆಯವರ ಸಜ್ಜೆ ಮೇಲೆ ಹಾಯಿಸಿ, ಮಳೆ ಬಂದ್ರೆ ಪ್ಲಾಸ್ಟಿಕ್ ಕವರ್ ಸುತ್ತಿ… ನೋಡಿದ್ದೀನಿ ಸ್ವಾಮಿ, ಎದುರು ಬೀದೀಲೇ ನಡೀತಿದೆ. ನಮ್ಮ ಜಾತಿಯವರಿಗೆ ಎದೆ ಝಲ್ಲನ್ನುತ್ತೆ.

ಪ್ರಶ್ನೆ: ಪರಿಸರದ ಮಾತು ಆಡಲೇ ಇಲ್ಲ ನೀವು.

ಪ್ಲಗ್: ಹಸಿರು ನಂಬರ್ ಪ್ಲೇಟು ಆಡ್ತದಲ್ಲ. ನನ್ನೊಳಗೆ ಬರೋ ಕರೆಂಟಿಗೆ ಊರು ಕೇಳಿದ್ರೆ ಹಗಲು ಒಂದು, ರಾತ್ರಿ ಒಂದು. ಹಗಲಲ್ಲಿ ಪಾವಗಡದ ಬಿಸಿಲಿಂದು ಸೇರಿರುತ್ತೆ. 2,050 ಮೆಗಾವಾಟಿನ ಪಾರ್ಕು ಅದು. ರಾತ್ರಿ ಅಲ್ಲಿ ಸೂರ್ಯ ಇಲ್ಲ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು, ಶರಾವತಿಯ ನೀರು. ಕಾರಿನವರು ರಾತ್ರಿ ಚುಚ್ಚಿ ಬೆಳಿಗ್ಗೆ ಪರಿಸರ ಉಳಿಸಿದೆ ಅಂತ ಸ್ಟೇಟಸ್ ಹಾಕ್ತಾರೆ. ಊರಿನ ಹೊಗೆ ಕಡಿಮೆ ಆಗೋದು ನಿಜ, ಅದಕ್ಕೆ ಬೆಲೆ ಇದೆ. ಆಫೀಸುಗಳಲ್ಲಿ ಹಗಲು ಹೊತ್ತು ಚಾರ್ಜ್ ಮಾಡೋ ಹಾಗಾದ್ರೆ ಇನ್ನೂ ಒಳ್ಳೇದು. ಒಬ್ಬರೇ ಕೂತ್ಕೊಂಡು ಒಂದೂವರೆ ಟನ್ ಕಬ್ಬಿಣ ಎಲೆಕ್ಟ್ರಾನಿಕ್ ಸಿಟಿಗೆ ಸಾಗಿಸೋರಿಗೆ ಪರಿಸರದ ಬಗ್ಗೆ ಅಷ್ಟೊಂದು ಕಳಕಳಿ ಇದ್ರೆ ನಮ್ಮ ದೊಡ್ಡಣ್ಣನನ್ನ ಕಾಣಲಿ. ಮೆಟ್ರೊ. ಹಳಿ ಪಕ್ಕದಲ್ಲಿ 750 ವೋಲ್ಟ್ ಹೊತ್ತು ನಿಂತಿದ್ದಾನೆ. 2025ರ ಆಗಸ್ಟಿನಿಂದ ಹಳದಿ ಮಾರ್ಗ ಸಿಲ್ಕ್‌ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೇ ಹೋಗುತ್ತೆ. ನೀವೇ ಓಡಿಸಬೇಕಿಲ್ಲದ ಎಲೆಕ್ಟ್ರಿಕ್ ವಾಹನ, ಪಾರ್ಕಿಂಗ್ ಹುಡುಕೋ ಹಾಗಿಲ್ಲ. ಆದ್ರೆ ಅದಕ್ಕೆ ಸನ್‌ರೂಫ್ ಇಲ್ಲ.

ಪ್ರಶ್ನೆ: ಮಳೆಗಾಲ?

ಪ್ಲಗ್: 2022ರ ಸೆಪ್ಟೆಂಬರಿನಲ್ಲಿ ಈ ರಸ್ತೆಯ ಉದ್ದಕ್ಕೂ ಬೇಸ್‌ಮೆಂಟುಗಳು ಕೆರೆಯಾದವು. ಬ್ಯಾಟರಿಗೆ ಐಪಿ67 ಅಂತ ರಕ್ಷಣೆ ಇರುತ್ತೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೀಬೇಕು ಅಂತ ಅದರ ಅರ್ಥ. ನನಗೆ ಯಾವ ಐಪಿನೂ ಇಲ್ಲ. ಹಾಕಿಸೋವಾಗ ಎದೆ ಮಟ್ಟಕ್ಕೆ ಹಾಕಿಸಿ.

ಪ್ರಶ್ನೆ: ಇಷ್ಟು ದಿನದ ಸೇವೆಯಲ್ಲಿ ಗೌರವ ಸಿಕ್ಕಿದ್ದು ಇದೆಯೇ?

ಪ್ಲಗ್: ಹೋದ ಆಯುಧಪೂಜೆ. 302ರವರು ಕಾರು ತೊಳೆದು, ಬಾಳೆಕಂದು ಕಟ್ಟಿ, ಎಂಜಿನ್ನಿಗೆ ಕುಂಕುಮ ಇಡೋಣ ಅಂತ ಬಾನೆಟ್ ತೆಗೆದ್ರು. ಒಳಗೆ ಎಂಜಿನ್ನೇ ಇಲ್ಲ. ಪುರೋಹಿತರು ಕುಂಕುಮ ಹಿಡ್ಕೊಂಡು ನಿಂತೇಬಿಟ್ರು. ಅಲ್ಲೇ ಮೂಲೇಲಿ ಹನ್ನೆರಡು ವೋಲ್ಟಿನ ಪುಟ್ಟ ಬ್ಯಾಟರಿ ಇತ್ತು, ಅದಕ್ಕಿಟ್ರು. ಸರಿಯಾದ ಪೂಜೆನೇ ಆಯ್ತು ಅನ್ನಿ. ದೊಡ್ಡ ಬ್ಯಾಟರಿ ತುಂಬಿ ತುಳುಕ್ತಿದ್ರೂ ಆ ಪುಟ್ಟದು ಸತ್ರೆ ಕಾರು ಎಚ್ಚರಾನೇ ಆಗಲ್ಲ. ರಜಕ್ಕೆ ವಾರಗಟ್ಟಲೆ ಬಿಟ್ಟು ಹೋಗೋರು ಅದನ್ನ ನೆನಪಿಟ್ಕೊಳ್ಳಿ. ಆಮೇಲೆ 302ರವರ ತಾಯಿ ಬಂದು, ‘ಅಯ್ಯೋ, ದಿನಾ ಊಟ ಹಾಕೋದು ಇದಲ್ವೇನೋ’ ಅಂತ ನನ್ನ ಮೇಲೊಂದು ಸೇವಂತಿಗೆ ಸಿಕ್ಕಿಸಿದ್ರು. ಇಡೀ ಅಪಾರ್ಟ್‌ಮೆಂಟಿನಲ್ಲಿ ಕಾರಿನ ವಿಷಯ ಅರ್ಥ ಆಗಿರೋದು ಅವರೊಬ್ಬರಿಗೇ.

ಪ್ರಶ್ನೆ: ಕಾರು ಕೊಳ್ಳಲು ಹೊರಟಿರುವ ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ಪ್ಲಗ್: ಟೆಸ್ಟ್ ಡ್ರೈವ್ ಆಮೇಲೆ ಮಾಡಿ. ಬುಕಿಂಗ್ ದುಡ್ಡು ಕೊಡೋ ಮುಂಚೆ ಒಬ್ಬ ಒಳ್ಳೇ ಎಲೆಕ್ಟ್ರಿಷಿಯನ್‌ನ ಕರ್ಕೊಂಡು ನಿಮ್ಮ ಪಾರ್ಕಿಂಗ್ ಜಾಗಕ್ಕೆ ಇಳೀರಿ. ಪ್ಲಗ್ ಇದೆಯಾ, ಇದ್ರೆ ಯಾರ ಮೀಟರಿಂದು, ವೈರ್ ಎಷ್ಟು ದಪ್ಪ, ಅರ್ಥಿಂಗ್ ಇದೆಯಾ ನೋಡಿಸಿ. ಎರಡು ಕಿಲೋವಾಟಿನ ಹೀಟರ್ ಒಂದು ಗಂಟೆ ಅವರ ಎದುರೇ ಹಾಕಿ, ಆರಿಸಿ, ಪ್ಲಗ್ಗಿನ ಮುಖ ಮುಟ್ಟಿ ನೋಡಿ. ಬೆಚ್ಚಗಿದ್ರೆ ಶೋರೂಮಿಗೆ ಹೋಗಿ. ಸುಡ್ತಿದ್ರೆ ಮೊದಲು ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ.